ಹೊರಡುವವರ ಲೆಕ್ಕ

ಡಯಾಲಿಸಿಸ್ ಮುಗಿಸಿ ಬಂದ ದಿನ ನಾನಾಯ್ ಕೊರ್ಸಿಂಗಳಿಗೆ ಹಸಿವು ಜಾಸ್ತಿ, ಸಿಟ್ಟು ಇನ್ನೂ ಜಾಸ್ತಿ. ಆ ಸೋಮವಾರವೂ ಹಾಗೇ ಆಯಿತು. ಟ್ರೈಸಿಕಲ್ ರಿಕ್ಷಾದಿಂದ ಇಳಿದವಳೇ ಅಡುಗೆಮನೆಯ ಬೆಂಚಿನ ಮೇಲೆ ಕೂತು, ಪಾತ್ರೆಯ ಮುಚ್ಚಳ ಎತ್ತಿ ನೋಡಿ ಮುಖ ಸಿಂಡರಿಸಿದಳು.

"ಇದೇನೇ ಫೀನಾ, ಕುಂಬಳಕಾಯಿಗೆ ಎರಡು ಸಲ ಸ್ನಾನ ಮಾಡಿಸಿದ್ದೀಯಾ?"

"ಮೂರು ಸಲ," ಎಂದಳು ಮಗಳು. "ಬೇಯಿಸಿದ ನೀರು ಚೆಲ್ಲು ಅಂತ ಡಾಕ್ಟರ್ ಹೇಳಿದ್ದು ಎರಡೇ ಸಲ. ಇನ್ನೊಂದು ನನ್ನ ಪ್ರೀತಿ."

"ಒಣಮೀನು ಹುರಿದ ವಾಸನೆ ಬರ್ತಿದೆ."

"ಅದು ನಮಗೆ. ನೀನು ವಾಸನೆಯಲ್ಲೇ ಊಟ ಮಾಡು."

ಮಗ ನೋರಿಯೆಲ್ ನಗುತ್ತಾ ತಾಯಿಯ ತಟ್ಟೆಗೆ ಅನ್ನ ಹಾಕಿದ. ಅವನಿಗೂ ಅಕ್ಕ ಫೀನಾಳಿಗೂ ಒಂದೇ ಕಾಲ್ ಸೆಂಟರಿನಲ್ಲಿ ಕೆಲಸ. ಸಮುದ್ರದಾಚೆಯ ಜನ ಹಗಲಲ್ಲಿ ಹೋಟೆಲ್ ಕೋಣೆ ಸಿಗಲಿಲ್ಲ, ಟವೆಲ್ ಒದ್ದೆಯಾಗಿತ್ತು ಎಂದು ಬೈಯಲು ಫೋನ್ ಮಾಡಿದರೆ, ಫಿಲಿಪ್ಪೀನ್ಸಿನ ಬಾಕೊಲೊದ್‌ನಲ್ಲಿ ರಾತ್ರಿಯಿಡೀ ಎದ್ದು ಕೂತು ಬೈಸಿಕೊಳ್ಳುವುದು ಇವರ ಕಸುಬು. ಬೆಳಿಗ್ಗೆ ಮನೆಗೆ ಬಂದು ಮಲಗುವುದು. ಅರ್ಧ ಊರೇ ಹಾಗೆ ಬದುಕುತ್ತಿತ್ತು, ಯಾರೂ ಅದನ್ನು ವಿಶೇಷವೆಂದುಕೊಂಡಿರಲಿಲ್ಲ.

ತಾಯಿಯ ಡಯಾಲಿಸಿಸ್ ವಾರಕ್ಕೆ ಎರಡು ಸಲ. ಕುರ್ಚಿ ಸಿಕ್ಕಿದ್ದು ಬೆಳಗಿನ ಮೊದಲ ಸರದಿಯಲ್ಲಿ, ಅಂದರೆ ಕರೆದುಕೊಂಡು ಹೋಗುವವರು ಹಿಂದಿನ ರಾತ್ರಿಯ ಪಾಳಿ ಬಿಡಲೇಬೇಕು. ಸೋಮವಾರ ನೋರಿಯೆಲ್‌ನ ವಾರದ ರಜೆ, ಗುರುವಾರ ಫೀನಾಳದು. ಇಬ್ಬರೂ ತಮ್ಮ ರಜೆಯನ್ನು ಹೀಗೆ ತಾಯಿಗೆ ಬರೆದುಕೊಟ್ಟು ಮೂರು ವರ್ಷ ಸಾಗಿಸಿದ್ದರು. ಕುರ್ಚಿಯ ಖರ್ಚು ಸರ್ಕಾರದ ವಿಮೆಯದು. ಆದರೆ ರಕ್ತ ಏರಿಸುವ ಇಂಜೆಕ್ಷನ್, ಉಸಿರು ಸಿಕ್ಕಿಹಾಕಿಕೊಂಡಾಗ ಆಸ್ಪತ್ರೆಯ ಹಾಸಿಗೆ, ಇವೆಲ್ಲ ಕಂಪನಿ ಕೊಟ್ಟ ಆಸ್ಪತ್ರೆ ಕಾರ್ಡಿನಿಂದ ನಡೆಯಬೇಕು. ಮದುವೆಯಾದವರ ಕಾರ್ಡಿನಲ್ಲಿ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ ಜಾಗ. ಮದುವೆಯಾಗದವರು ಹೆತ್ತವರನ್ನು ಸೇರಿಸಬಹುದು. ನಲವತ್ತು ದಾಟಿದ ಫೀನಾ ಮದುವೆಯಾಗಿರಲಿಲ್ಲ, ನಾನಾಯ್ ಅವಳ ಕಾರ್ಡಿನಲ್ಲಿದ್ದಳು.

"ಮನಾಂಗ್, ಒಂದು ವಿಷಯ," ಎಂದ ನೋರಿಯೆಲ್. ಅಮ್ಮನನ್ನು ನಾನಾಯ್ ಎನ್ನುವಂತೆ ಅಕ್ಕನನ್ನು ಅವನು ಹಾಗೆ ಕರೆಯುತ್ತಿದ್ದ, ಅವನ ಹೆಂಡತಿ ಮಾರ್ಜೊರಿಯೂ ಹಾಗೇ ಕರೆಯುತ್ತಿದ್ದಳು. "ಕಂಪನಿಯವರು ಹೊಸ ಟೀಮ್ ಮಾಡ್ತಿದ್ದಾರೆ. ಡೇಟಾ ನೋಡಿ ಮುಂದೇನಾಗತ್ತೆ ಅಂತ ಹೇಳೋ ಕೆಲಸ. ಫೋನ್ ತಗೋಳೋ ನಮ್ಮ ಫ್ಲೋರಿನಿಂದಲೇ ಕೆಲವರನ್ನ ತಗೋತಾರಂತೆ. ಕೋರ್ಸ್ ಮುಗಿಸಬೇಕು, ಕೊನೆಗೆ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕು."

"ಮುಂದೇನಾಗತ್ತೆ ಅಂತ ಹೇಳೋದಾ?" ನಾನಾಯ್ ತುತ್ತು ಕೆಳಗಿಟ್ಟಳು. "ಮಾರ್ಕೆಟ್ ಮೂಲೆಯಲ್ಲಿ ಇಸ್ಪೀಟೆಲೆ ಹಾಕ್ಕೊಂಡು ಒಬ್ಬಳು ಕೂತಿರ್ತಾಳೆ, ಹಲ್ಲಿಲ್ಲದವಳು. ಅವಳ ಹತ್ರ ಹೋಗು, ಕೋರ್ಸ್ ಬೇಗ ಮುಗಿಯತ್ತೆ."

"ನಗಬೇಡ ನಾನಾಯ್. ಈಗ ಬರೋ ಫೋನಲ್ಲಿ ಅರ್ಧ ಯಂತ್ರವೇ ತಗೋತಿದೆ. ಹೆಂಗಸಿನ ದನಿ, ಬೈದರೂ ಅಳಲ್ಲ, ಟಾಯ್ಲೆಟ್ಟಿಗೆ ಹೋಗಲ್ಲ. ಇನ್ನೊಂದು ವರ್ಷಕ್ಕೆ ನಮ್ಮನ್ನೆಲ್ಲ ಮನೆಗೆ ಕಳಿಸ್ತಾರೆ. ಆ ಟೀಮಿನೊಳಗೆ ಹೋದವನು ಉಳೀತಾನೆ."

ಮಾರ್ಜೊರಿ ಮಗಳು ಬಿಯಾಳಿಗೆ ಉಣ್ಣಿಸುತ್ತಿದ್ದವಳು ತಲೆ ಎತ್ತಿದಳು. "ತೊಂದರೆ ಏನು ಅಂತ ಹೇಳು. ನೀನು ಇಷ್ಟು ಸುತ್ತಿ ಮಾತಾಡಿದರೆ ಏನೋ ಕೇಳೋದಕ್ಕಿರತ್ತೆ."

"ಕ್ಲಾಸು ಸೋಮವಾರ ಬೆಳಿಗ್ಗೆ," ಎಂದ ನೋರಿಯೆಲ್ ಮೆಲ್ಲಗೆ.

ಫೀನಾ ಒಣಮೀನಿನ ಮುಳ್ಳು ಬಿಡಿಸಿ ತಟ್ಟೆಯಂಚಿಗಿಟ್ಟಳು.

"ಸೋಮವಾರಾನೂ ನಾನೇ ಹೋಗ್ತೀನಿ," ಎಂದಳು. "ಯಾರಾದರೂ ಪಾಳಿ ಬದಲಾಯಿಸಿಕೊಂಡರೆ ಆಯ್ತು."

"ಬದಲಾಯಿಸಿಕೊಳ್ಳದಿದ್ದರೆ?" ಎಂದಳು ಮಾರ್ಜೊರಿ.

"ರಜೆ ಕೇಳಿದರಾಯ್ತು."

"ಅಯ್ಯೋ, ತಾಯಿಗೆ ಅಂತ ರಜೆ ಕೇಳಿದರೆ ಎರಡು ವಾರ ಮುಂಚೆ ಅರ್ಜಿ, ಆಸ್ಪತ್ರೆ ಕಾಗದ, ಮೂರು ಜನರ ಸಹಿ," ಎಂದ ನೋರಿಯೆಲ್. "ಹೊಟ್ಟೆ ಕೆಟ್ಟಿದೆ ಅಂತ ಮೆಸೇಜ್ ಹಾಕು. ಎಲ್ಲರೂ ಅದನ್ನೇ ಮಾಡೋದು. ಜ್ವರ ಅಂದರೆ ಎಷ್ಟು ಡಿಗ್ರಿ ಅಂತಾರೆ, ತಲೆನೋವು ಅಂದರೆ ಮಾತ್ರೆ ತಗೊಂಡು ಬಾ ಅಂತಾರೆ. ಹೊಟ್ಟೆ ಅಂದರೆ ಯಾರೂ ಮುಂದಿನ ಪ್ರಶ್ನೆ ಕೇಳಲ್ಲ."

ಮೊದಲ ಸಲ ಆ ಮೆಸೇಜನ್ನು ಫೀನಾಳ ಫೋನಿನಲ್ಲಿ ಅವನೇ ಬರೆದುಕೊಟ್ಟ. ಇಷ್ಟು ವರ್ಷದ ನೌಕರಿಯಲ್ಲಿ ಒಂದೂ ಸುಳ್ಳು ರಜೆ ಹಾಕದವಳು, ಕಳಿಸುವಾಗ ಕಣ್ಣು ಮುಚ್ಚಿಕೊಂಡಳು. ಉತ್ತರ ತಕ್ಷಣ ಬಂತು, ಬೇಗ ಗುಣವಾಗಲಿ ಎಂದು. "ನೋಡಿದೆಯಾ?" ಎಂದು ತಮ್ಮ ನಕ್ಕ.

ಅಲ್ಲಿಂದ ಮನೆಯ ದಿನಚರಿಯೇ ತಲೆಕೆಳಗಾಯಿತು. ಇದ್ದ ಒಂದು ಮೇಜು ಅಡುಗೆಮನೆಯದು, ಅದರ ಮೇಲೆ ನೋರಿಯೆಲ್‌ನ ಹಳೆಯ ಲ್ಯಾಪ್‌ಟಾಪ್ ಬಂದು ಕೂತಿತು. ಬೆಳಗಿನ ಪಾನ್ ದೆ ಸಾಲ್ ಬನ್ನುಗಳನ್ನು ಮಂಡಿಯ ಮೇಲಿಟ್ಟುಕೊಂಡು ತಿನ್ನಬೇಕಾಯಿತು. ಬಿಯಾ ಜೋರಾಗಿ ಹಾಡಿದರೆ ಬೈಗುಳ, ಟಿವಿ ಹಾಕಿದರೆ ಬೈಗುಳ, ಒಗ್ಗರಣೆ ಸಿಡಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಓಡುವುದು. ನೋರಿಯೆಲ್‌ಗೆ ಗಣಿತ ಶಾಲೆಯಲ್ಲೇ ಕೈಕೊಟ್ಟಿತ್ತು. ಈಗ ಮೂವತ್ತೈದರ ಹತ್ತಿರ ಬಂದು, ನಿದ್ದೆಗೆಟ್ಟ ಕಣ್ಣಿನಲ್ಲಿ, ಸಂಭಾವ್ಯತೆ, ಸರಾಸರಿ, ಮಾಡೆಲ್ ಎಂದು ತನಗೆ ತಾನೇ ಗೊಣಗಿಕೊಳ್ಳುತ್ತಿದ್ದ. ಮಲಗಿದರೆ ಬಡಿದೆಬ್ಬಿಸಬೇಕಿತ್ತು.

ಮಾರ್ಜೊರಿ ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು, ಬಂದವಳಿಗೆ ಮನೆಯ ಬಟ್ಟೆಯ ರಾಶಿ ಬೇರೆ ಕಾಯುತ್ತಿತ್ತು. ಒಂದು ಮಧ್ಯಾಹ್ನ ಅವಳ ತಾಳ್ಮೆ ತಪ್ಪಿತು.

"ನೀರು ಹಿಡಿದಿಲ್ಲ, ಅನ್ನಕ್ಕೆ ಇಟ್ಟಿಲ್ಲ, ಮಗು ಶಾಲೆಯಿಂದ ಬಂದು ಬರೀ ಬಿಸ್ಕತ್ತು ತಿಂದಿದೆ. ನೀನು ಏನು ಮಾಡ್ತಿದ್ದೆ?"

"ಓದ್ತಿದ್ದೆ."

"ಮುಂದಿನ ವರ್ಷ ಯಾರಿಗೆ ಏನಾಗತ್ತೆ ಅಂತ ಓದ್ತೀಯ. ಮಧ್ಯಾಹ್ನ ಮನೆಯವರಿಗೆ ಹಸಿವಾಗತ್ತೆ ಅಂತ ನಿನ್ನ ಪುಸ್ತಕದಲ್ಲಿ ಇಲ್ವಾ?"

"ಯಾರಿಗೋಸ್ಕರ ಮಾಡ್ತಿದ್ದೀನಿ ಮಾರ್ಜ್? ನನಗೇನು ಆಸೆನಾ ಇದು?"

"ನನಗೋಸ್ಕರ ಅನ್ನಬೇಡ. ಮನಾಂಗ್ ಮುಖ ನೋಡಿದೀಯಾ? ವಾರಕ್ಕೆ ಎರಡು ದಿನ ಆಸ್ಪತ್ರೆ, ಬಿಟ್ಟ ಪಾಳಿಗೆ ಬದಲಾಗಿ ಇನ್ನೊಬ್ಬರ ಪಾಳಿ. ಮೊನ್ನೆ ನಿಂತುಕೊಂಡೇ ಅಕ್ಕಿ ತೊಳೀತಾ ತೂಕಡಿಸಿದಳು. ಅಕ್ಕಿಯೆಲ್ಲ ಮೋರಿಗೆ ಹೋಯ್ತು."

"ಸುಮ್ನಿರು ದಾಯ್," ಎಂದಳು ಫೀನಾ ಒಳಗಿಂದ. ತಮ್ಮನ ಹೆಂಡತಿಯಾದರೂ ಮಾರ್ಜೊರಿಯನ್ನು ತಂಗಿಯಂತೆ ದಾಯ್ ಎಂದೇ ಕರೆಯುತ್ತಿದ್ದಳು. "ಅವನು ಪಾಸಾದರೆ ನನ್ನ ಕಷ್ಟ ಮುಗೀತು. ನಾನು ಹಗಲು ನಿದ್ದೆ ಮಾಡ್ತೀನಿ, ಅವನು ಆಫೀಸರ್ ಆಗಿ ನಾನಾಯ್‌ನ ಕಾರಿನಲ್ಲಿ ಕರ್ಕೊಂಡು ಹೋಗ್ತಾನೆ."

"ಕಾರಿನಲ್ಲಿ ನನಗೆ ವಾಂತಿ ಬರತ್ತೆ," ಎಂದಳು ನಾನಾಯ್. ನೀರನ್ನೂ ಅಳೆದು ಕುಡಿಯಬೇಕಾದ ಅವಳ ಕೈಯಲ್ಲಿ ಲೋಟವಿತ್ತು, ಲೋಟದಲ್ಲಿ ಕದ್ದ ಮಂಜುಗಡ್ಡೆ. ಎಲ್ಲರೂ ಅವಳ ಮೇಲೆ ಬಿದ್ದರು, ಜಗಳ ಅಲ್ಲಿಗೆ ನಿಂತಿತು.

ಕೋರ್ಸಿನ ಕೊನೆಯ ಪ್ರಾಜೆಕ್ಟಿಗೆ ಕಂಪನಿಯೇ ಡೇಟಾ ಕೊಟ್ಟಿತು. ಎರಡು ವರ್ಷದ ಹಾಜರಾತಿ, ರಜೆಯ ಕಾರಣಗಳು, ಪಾಳಿಯ ಬದಲಾವಣೆ. ಹೆಸರುಗಳಿರಲಿಲ್ಲ, ಹೆಸರಿನ ಜಾಗದಲ್ಲಿ ಅಂಕಿಗಳಿದ್ದವು. ಯಾರು ಕೆಲಸ ಬಿಟ್ಟು ಹೋಗುತ್ತಾರೆ ಎಂದು ಮೊದಲೇ ಹೇಳಬಲ್ಲ ಮಾಡೆಲ್ ಕಟ್ಟಬೇಕಿತ್ತು. ನೋರಿಯೆಲ್ ಸಂಬಳ ನೋಡಿದ, ವಯಸ್ಸು ನೋಡಿದ, ಮನೆಯ ದೂರ ನೋಡಿದ. ಏನು ಹಾಕಿದರೂ ಮಾಡೆಲ್ ಕಣ್ಣುಮುಚ್ಚಿ ಕಲ್ಲು ಎಸೆದ ಹಾಗೆ ಹೇಳುತ್ತಿತ್ತು. ತೋರಿಸುವ ದಿನ ಹತ್ತಿರ ಬಂತು. ಊಟ ಸೇರಲಿಲ್ಲ, ಕನ್ನಡಿಯಲ್ಲಿ ತನ್ನ ಮುಖವೇ ತನಗೆ ಹೇಸಿಗೆಯಾಗುತ್ತಿತ್ತು. ಇಷ್ಟು ತಿಂಗಳು ಮನೆಯವರನ್ನೆಲ್ಲ ಗೋಳುಹೊಯ್ದುಕೊಂಡು ಕೊನೆಗೆ ಬರಿಗೈಯಲ್ಲಿ ನಿಲ್ಲುವುದೆಂದರೆ ಸಾಮಾನ್ಯ ಅವಮಾನವಲ್ಲ.

ಹೊಳೆದದ್ದು ಪಾಳಿ ಮುಗಿಸಿ ಬೀದಿಯಲ್ಲಿ ಬಾಚೊಯ್ ಸೂಪು ಕುಡಿಯುವಾಗ. ಪಕ್ಕದ ಬೆಂಚಿನಲ್ಲಿ ಯಾರೋ ಇಬ್ಬರು ಹುಡುಗಿಯರು ಪಿಸುಗುಟ್ಟುತ್ತಿದ್ದರು. ನಾಳೆ ಇನ್ನೊಂದು ಕಂಪನಿಯಲ್ಲಿ ಇಂಟರ್‌ವ್ಯೂ ಇದೆಯಂತೆ. ಇಲ್ಲಿಗೆ ಏನು ಹೇಳುತ್ತೀಯ ಎಂದು ಒಬ್ಬಳು ಕೇಳಿದರೆ ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡು ನರಳಿ ತೋರಿಸಿದಳು. ಇಬ್ಬರೂ ನಕ್ಕರು. ನೋರಿಯೆಲ್ ಸೂಪಿನ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದ.

ಮನಿಲಾದಿಂದ ಪಾಠ ಹೇಳುವವರಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಫ್ಲೋರಿನಲ್ಲಿ ಕೂತು ಹತ್ತು ವರ್ಷ ಬೈಸಿಕೊಂಡವನಿಗೇ ಗೊತ್ತು. ಡಾಕ್ಟರ ಚೀಟಿಯಿಲ್ಲದ, ಒಂದೇ ದಿನದ ಹೊಟ್ಟೆನೋವುಗಳನ್ನು ಬೇರೆ ಮಾಡಿದ. ಮಾಡೆಲ್ ಎದ್ದು ಕೂತ ಹಾಗಾಯಿತು.

ತೋರಿಸುವ ದಿನ ಮಾರ್ಜೊರಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು. ಟ್ರೇನಿಂಗ್ ರೂಮಿನಲ್ಲಿ ಮ್ಯಾಮ್ ಐರೀನ್ ಮುಂದಿನ ಸಾಲಿನಲ್ಲಿ ಕೂತಿದ್ದಳು, ಹೊಸ ಟೀಮಿನ ಮುಖ್ಯಸ್ಥೆ ಅವಳೇ. ಹೊಟ್ಟೆಯ ವಿಷಯ ಬಂದದ್ದೇ ಇಡೀ ಕೋಣೆ ಗೊಳ್ಳೆಂದಿತು. ನಗು ಕೇಳಿ ಅವನಿಗೆ ಧೈರ್ಯ ಬಂತು.

"ಮೊದಲಿಂದ ಹೊಟ್ಟೆ ಕೆಡಿಸಿಕೊಳ್ಳೋರಿಂದ ಭಯ ಇಲ್ಲ ಮ್ಯಾಮ್. ಅವರು ಸೋಮಾರಿಗಳು, ಎಲ್ಲೂ ಹೋಗಲ್ಲ. ವರ್ಷಗಟ್ಟಲೆ ಒಂದು ದಿನ ತಪ್ಪಿಸದೆ ಬಂದವರು ಇದ್ದಕ್ಕಿದ್ದ ಹಾಗೆ ಹೊಟ್ಟೆ ಹಿಡ್ಕೊಂಡರೆ, ಅವರು ಮನಸ್ಸಿನಲ್ಲಿ ಆಗಲೇ ಹೊರಟುಬಿಟ್ಟಿದ್ದಾರೆ ಅಂತ ಅರ್ಥ. ನನ್ನ ಮಾಡೆಲ್ ಹಿಡಿಯೋದು ಅವರನ್ನ."

ಮ್ಯಾಮ್ ಐರೀನ್ ಕಣ್ಣೊರೆಸಿಕೊಂಡು, "ಇದನ್ನ ನಮ್ಮವನೇ ಕಂಡುಹಿಡಿಯಬೇಕಿತ್ತು," ಎಂದಳು.

ಅವನನ್ನು ತೆಗೆದುಕೊಂಡರು. ಆ ಸಂಜೆ ಮನೆಗೆ ಕೆಂಡದಲ್ಲಿ ಸುಟ್ಟ ಇನಾಸಾಲ್ ಕೋಳಿ ಬಂತು, ಅಕ್ಕಪಕ್ಕದವರಿಗೆಲ್ಲ ಶಾವಿಗೆ ಹೋಯಿತು. ನಾನಾಯ್ ಡಾಕ್ಟರ ಮಾತು ಮೀರಿ ಕೋಳಿಯ ಚರ್ಮ ತಿಂದಳು. ಫೀನಾ ಒಂದು ತುಂಡು ಕೋಳಿ ಕೈಯಲ್ಲಿ ಹಿಡಿದುಕೊಂಡೇ ಬೆಂಚಿನ ಮೇಲೆ ನಿದ್ದೆಹೋದಳು. ಬಿಯಾ ಅತ್ತೆಯ ಮೂಗಿಗೆ ಅನ್ನದ ಅಗುಳು ಅಂಟಿಸಿ ಕೇಕೆ ಹಾಕಿತು, ಎಲ್ಲರೂ ನಕ್ಕರು. ನೋರಿಯೆಲ್‌ಗೆ ಆ ದಿನ ತನ್ನ ಮೇಲೆ ತನಗೇ ಹೆಮ್ಮೆ. ಮನೆಯೊಳಗೆ ಹೊಟ್ಟೆನೋವಿನ ಮೆಸೇಜು ಯಾರು ಕಳಿಸುತ್ತಿದ್ದರು ಎಂಬುದು ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಅಕ್ಕ ಕೆಲಸ ಬಿಟ್ಟು ಹೋಗುವವಳೆಂದು ಕನಸಿನಲ್ಲೂ ಯೋಚಿಸದವನಿಗೆ ಅದು ಸುಳಿಯುವುದಾದರೂ ಹೇಗೆ?

ಹೊಸ ಕೋಣೆಯಲ್ಲಿ ಹಗಲು ಪಾಳಿ, ಹಾಗಾಗಿ ಸೋಮವಾರದ ಆಸ್ಪತ್ರೆ ಫೀನಾಳ ಪಾಲಿಗೇ ಉಳಿಯಿತು. ನಾಲ್ಕು ವಾರ ಸುಖವಾಗಿ ಕಳೆಯಿತು. ಐದನೆಯ ವಾರ ಮ್ಯಾಮ್ ಐರೀನ್ ಬಾಗಿಲು ಹಾಕಿಕೊಂಡು ಟೀಮಿನವರಿಗೆ ಹೇಳಿದಳು, ಫ್ಲೋರನ್ನು ಅರ್ಧಕ್ಕೆ ಇಳಿಸುತ್ತಿದ್ದಾರೆ, ಯಂತ್ರದ ದನಿ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂದು.

"ಯಾರನ್ನ ಕಳಿಸೋದು ಅನ್ನೋದೇ ಸಂಕಟ. ಆದರೆ ನೋರಿಯೆಲ್ ದಾರಿ ಮಾಡಿಕೊಟ್ಟಿದ್ದಾನೆ. ಹೇಗೂ ಬಿಟ್ಟುಹೋಗೋರನ್ನೇ ಮೊದಲು ಕಳಿಸಿದರೆ ಯಾರ ಹೊಟ್ಟೆ ಮೇಲೂ ಹೊಡೆದ ಹಾಗಾಗಲ್ಲ. ಪರಿಹಾರದ ಹಣಾನೂ ಸಿಗತ್ತೆ, ಅವರಿಗೆ ಲಾಟರಿ ಹೊಡೆದ ಹಾಗೆ."

ಎಲ್ಲರೂ ತಲೆದೂಗಿದರು. ನೋರಿಯೆಲ್ ಕೂಡ ತಲೆದೂಗಿದ. ಅವನಿಗೆ ಅದು ನಿಜಕ್ಕೂ ದಯೆಯ ಮಾತೆನಿಸಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಫೀನಾ ಪಾಳಿ ಮುಗಿಸಿ ಬಂದಳು. ಚಪ್ಪಲಿ ಬಿಡದೆ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಹೆಡ್‌ಫೋನ್ ಇತ್ತು. ಕಂಪನಿಯದನ್ನು ವಾಪಸ್ಸು ಕೊಟ್ಟು, ಕಿವಿಗೆ ಹಿತವಾಗಲೆಂದು ತನ್ನದೇ ದುಡ್ಡಿನಲ್ಲಿ ಕೊಂಡಿದ್ದನ್ನು ತಂದಿದ್ದಳು.

"ನನ್ನ ಕಳಿಸಿದರು ತೊ," ಎಂದಳು, ತಮ್ಮನನ್ನು ಚಿಕ್ಕಂದಿನಿಂದ ಕರೆಯುವ ಹೆಸರಿನಿಂದ. "ತಿಂಗಳ ಕೊನೆ ತನಕ ಸಂಬಳ, ಆಮೇಲೆ ಪರಿಹಾರ. ನಾನು ಹೇಗೂ ಬಿಡ್ತಿದ್ದೆನಂತೆ. ಕಾಗದ ಕೊಟ್ಟ ಹುಡುಗಿ ನಗ್‌ನಗ್ತಾ ಹೇಳಿದಳು, ನಿಮಗೆ ಬೇರೆ ಕಡೆ ಒಳ್ಳೇದಾಗಲಿ ಅಂತ. ಬೇರೆ ಕಡೆ ಅಂದರೆ ಎಲ್ಲಿ? ನಾನು ಯಾವಾಗ ಬಿಡ್ತೀನಿ ಅಂದೆ? ಯಾರ ಹತ್ರ ಅಂದೆ?"

ನೋರಿಯೆಲ್ ನಿಂತಲ್ಲೇ ನಿಂತ. ಸೋಮವಾರಗಳು ಒಂದೊಂದಾಗಿ ನೆನಪಾದವು. ತಾನು ಕ್ಲಾಸಿನಲ್ಲಿ ಕೂತಿದ್ದ ಸೋಮವಾರಗಳು. ತನ್ನ ಬೆರಳಿನಿಂದ ತಾನೇ ಬರೆದುಕೊಟ್ಟ ಮೊದಲ ಮೆಸೇಜು.

"ಮನಾಂಗ್, ನಾನು ಹೋಗಿ ಮಾತಾಡ್ತೀನಿ," ಎಂದಷ್ಟೇ ಹೇಳಿ ಹೊರಗೆ ಓಡಿದ.

ಮ್ಯಾಮ್ ಐರೀನ್ ಕಾಫಿ ಕುಡಿಯುತ್ತಿದ್ದಳು. ಅವನು ಹೇಗೆ ಶುರುಮಾಡಬೇಕೆಂದು ತಿಳಿಯದೆ ನಿಂತಲ್ಲೇ ಒದ್ದಾಡಿದ.

"ಮ್ಯಾಮ್, ಕಳಿಸಿದವರಲ್ಲಿ ಒಬ್ಬರು... ಅವರು ಬಿಟ್ಟುಹೋಗೋರಲ್ಲ. ಮಾಡೆಲ್ ತಪ್ಪು ತಿಳ್ಕೊಂಡಿದೆ. ಅವರಿಗೆ ನಿಜವಾಗಿ ಹೊಟ್ಟೆ..."

"ಹೊಟ್ಟೆ ಕೆಟ್ಟಿತ್ತಾ? ಹಾಗಾದರೆ ಡಾಕ್ಟರ್ ಚೀಟಿ ತರಲಿ."

"ಇಲ್ಲ ಮ್ಯಾಮ್, ಕೆಟ್ಟಿರಲಿಲ್ಲ. ಅವರು ಮನೆಯಲ್ಲಿ ಒಬ್ಬರನ್ನ ಆಸ್ಪತ್ರೆಗೆ..."

ಮ್ಯಾಮ್ ಐರೀನ್ ಲೋಟ ಕೆಳಗಿಟ್ಟಳು. ಅವಳು ಕೆಟ್ಟವಳಲ್ಲ, ಅದೇ ಕಷ್ಟ.

"ನೋರಿಯೆಲ್, ನಿನ್ನ ಅಕ್ಕ ಆ ಫ್ಲೋರಿನಲ್ಲಿದ್ದಳು ಅಂತ ನನಗೆ ನಿನ್ನೆ ಗೊತ್ತಾಯ್ತು. ನನಗೂ ಬೇಜಾರಾಯ್ತು. ಆದರೆ ಯೋಚಿಸಿ ಮಾತಾಡು. ಕಾಯಿಲೆ ಇಲ್ಲದೆ ಕಾಯಿಲೆ ಅಂತ ಬರೆಸಿದ್ದರೆ ಅದು ಸುಳ್ಳು ದಾಖಲೆ. ಆಗ ಕಳಿಸೋದಲ್ಲ, ವಜಾ ಮಾಡೋದು. ಪರಿಹಾರ ಇಲ್ಲ, ಮುಂದಿನ ಕಡೆಗೆ ಒಳ್ಳೆ ಮಾತಿನ ಕಾಗದ ಇಲ್ಲ. ಅವಳಿಗೆ ಹೇಳಿಕೊಟ್ಟವರು ಯಾರು ಅಂತಾನೂ ಕೇಳ್ತಾರೆ. ನೀನು ಏನೋ ಹೇಳೋಕೆ ಬಂದೆಯಾ?"

ಗೋಡೆಯಾಚೆ ಫ್ಲೋರಿನಲ್ಲಿ ಕುರ್ಚಿಗಳನ್ನು ಎಳೆದು ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು.

"ಏನಿಲ್ಲ ಮ್ಯಾಮ್," ಎಂದ ನೋರಿಯೆಲ್.

ಅವನು ಹೇಡಿ ಎನ್ನುವವರು ಎನ್ನಬಹುದು. ಆ ಕೋಣೆಯಲ್ಲಿ ನಿಂತು ಸತ್ಯ ಹೇಳಿದ್ದರೆ ಅಕ್ಕನ ಪರಿಹಾರದ ಜೊತೆ ಅವನ ಸಂಬಳವೂ ಹೋಗುತ್ತಿತ್ತು. ಹಾಗೆಂದು ಅವನಿಗೆ ಸಮಾಧಾನವೇನೂ ಆಗಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ತಂದ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಕಾರ್ಡಿನದೇ ಮಾತು. ಫೀನಾಳ ಕೊನೆಯ ದಿನಕ್ಕೆ ಕಾರ್ಡೂ ಸಾಯುತ್ತದೆ. ಅವಳ ವಯಸ್ಸಿನವಳನ್ನು ಬೇರೆ ಕಾಲ್ ಸೆಂಟರುಗಳು ಬಾಗಿಲಲ್ಲೇ ನಗುಮುಖದಿಂದ ತಿರುಗಿಸಿ ಕಳಿಸಿದವು, ಅಲ್ಲೂ ಯಂತ್ರ ಮಾತಾಡಲು ಶುರುಮಾಡಿತ್ತು. ನೋರಿಯೆಲ್ ತನ್ನ ಕಾರ್ಡಿಗೆ ತಾಯಿಯನ್ನು ಸೇರಿಸಲು ಕೇಳಿ ಬಂದ. ಹೆಂಡತಿ, ಮಗು ಇರುವಾಗ ತಾಯಿಗೆ ಜಾಗವಿಲ್ಲ ಎಂದರು.

"ಹಾಗಾದರೆ ನನ್ನನ್ನ ತೆಗೆಸು," ಎಂದಳು ಮಾರ್ಜೊರಿ, ಮಡಿಸುತ್ತಿದ್ದ ಹಾಸನ್ನು ನೆಲಕ್ಕೆ ಎಸೆದು.

"ಹೆಸರು ತೆಗೆದರೂ ಆಗಲ್ಲ. ಮದುವೆಯಾದವನು ಅಂದರೆ ಮದುವೆಯಾದವನೇ."

"ಮದುವೆ ಬಿಡಿಸೋ ಕಾನೂನೂ ಈ ದೇಶದಲ್ಲಿಲ್ಲ. ಇದ್ದಿದ್ದರೆ ನಾಳೆಯೇ ಹೋಗಿ ಸಹಿ ಹಾಕಿ ಬರ್ತಿದ್ದೆ. ನಾನು ಸತ್ತರೆ ಆಗತ್ತಾ, ಅದನ್ನಾದರೂ ಕೇಳಿಕೊಂಡು ಬಂದೆಯಾ?"

"ಮಗುವಿನ ಮುಂದೆ ಏನು ಮಾತಾಡ್ತೀಯ!"

"ಮತ್ತೆ ಯಾರ ಮುಂದೆ ಮಾತಾಡಲಿ? ಮನಾಂಗ್ ಮದುವೆ ಆಗಲಿಲ್ಲ, ಅವಳ ಬೆನ್ನ ಮೇಲೆ ನಾನಾಯ್. ನೀನು ಮದುವೆ ಆದೆ, ನಿನ್ನ ಕೈ ಖಾಲಿ. ಇಡೀ ಮನೆ ಒಬ್ಬಳ ಹೊಟ್ಟೆಯ ಮೇಲೆ ನಿಂತಿತ್ತು, ಅದನ್ನೂ ಕಿತ್ತುಕೊಂಡರು. ಹೇಗೂ ಬಿಡೋಳು ಅಂತ ಯಾವ ಪಾಪಿ ಹಾಕಿದನೋ ಆ ಲೆಕ್ಕ!"

ನೋರಿಯೆಲ್ ತಲೆ ತಗ್ಗಿಸಿದ. ಮಾರ್ಜೊರಿ ಅವನ ಮುಖ ನೋಡಿದಳು.

"ಅಯ್ಯೋ ದೇವರೇ," ಎಂದಳು. "ಹೋಗಿ ಹೇಳು ಅವಳಿಗೆ. ಬೇರೆಯವರ ಬಾಯಿಂದ ಕೇಳೋ ಮುಂಚೆ ಹೇಳು."

ಫೀನಾ ಹಿತ್ತಲಿನಲ್ಲಿ ತಾಯಿಗೆಂದು ಬದನೆಕಾಯಿ ಬೇಯಿಸಿ ನೀರು ಚೆಲ್ಲುತ್ತಿದ್ದಳು. ತಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಮನಾಂಗ್, ಯಾರು ಹೋಗ್ತಾರೆ ಅಂತ ಹೇಳಿದ್ದು ನನ್ನ ಮಾಡೆಲ್."

ಆವಿಯ ಹಿಂದೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. "ಅದು ಏನನ್ನ ನೋಡ್ತು?"

"ಹೊಟ್ಟೆನೋವು. ಎಂದೂ ತಪ್ಪಿಸದವರು ಇದ್ದಕ್ಕಿದ್ದ ಹಾಗೆ... ನಾನು ನಿನ್ನನ್ನ ಯೋಚಿಸಲೇ ಇಲ್ಲ. ಆಣೆ. ಅಂಕಿ ಮಾತ್ರ ಇತ್ತು, ಹೆಸರಿರಲಿಲ್ಲ."

ಫೀನಾ ಪಾತ್ರೆಗೆ ಹೊಸ ನೀರು ಹಾಕಿದಳು, ಒಲೆಯ ಮೇಲಿಟ್ಟಳು. ಅರ್ಧ ನೀರು ಒಲೆಗೆ ಬಿತ್ತು.

"ನಿನ್ನನ್ನ ಓದಿಸೋಕೆ ನಾನು ಹೊಟ್ಟೆ ಕೆಡಿಸಿಕೊಂಡೆ," ಎಂದಳು. "ಎಲ್ಲರೆದುರು ಅದನ್ನ ಹೇಳಿ ನಗಿಸಿದೆಯಂತಲ್ಲ. ಫ್ಲೋರಿನಲ್ಲಿ ಎಲ್ಲರೂ ಆಡಿಕೊಳ್ತಿದ್ದರು. ನಾನೂ ನಕ್ಕೆ ತೊ. ನನ್ನ ತಮ್ಮ ಎಷ್ಟು ಚುರುಕು ಅಂತ ನಾನೂ ನಕ್ಕೆ."

ಅವನು ಅಳಲು ಶುರುಮಾಡಿದ. ಚಿಕ್ಕಂದಿನಲ್ಲಾಗಿದ್ದರೆ ಅವಳು ಅಂಗಿಯ ತೋಳಿನಿಂದ ಅವನ ಕಣ್ಣು ಒರೆಸುತ್ತಿದ್ದಳು. ಈಗ ಒರೆಸಲಿಲ್ಲ.

"ನಾಳೆ ಹೋಗಿ ಎಲ್ಲ ಹೇಳಿಬಿಡ್ತೀನಿ ಮನಾಂಗ್. ಮೆಸೇಜ್ ಬರೆದದ್ದು ನಾನೇ ಅಂತ. ಏನಾದರೂ ಆಗಲಿ."

"ಏನಾಗತ್ತೆ? ನಿನಗೆ ಹಗುರ ಆಗತ್ತೆ. ನನ್ನ ಪರಿಹಾರ ಹೋಗತ್ತೆ, ನಿನ್ನ ಸಂಬಳ ಹೋಗತ್ತೆ. ನಿನ್ನ ಹಗುರಕ್ಕೆ ನಾನು ಅಷ್ಟು ಕೊಡಬೇಕಾ? ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋಗು. ನಾನಾಯ್‌ಗಂತೂ ಹೇಳಲೇಬೇಡ. ಅವಳು ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಊರಿಗೆಲ್ಲ ನಿನ್ನ ಬಗ್ಗೆ ಹೇಳ್ತಿರ್ತಾಳೆ. ಅವಳಿಗೆ ಈಗ ಉಳಿದಿರೋದು ಅದೊಂದೇ ಜಂಬ."

ಪಕ್ಕದ ಊರು ತಾಲಿಸಾಯ್‌ನ ಒಂದು ದೊಡ್ಡ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳಲು ಫೀನಾ ಒಪ್ಪಿಕೊಂಡಳು. ಅಲ್ಲೇ ಇರಬೇಕು, ತಿಂಗಳಿಗೆ ಎರಡು ದಿನ ಮನೆಗೆ ಬರಬಹುದು. ಸ್ವಂತ ತಾಯಿಯನ್ನು ತಮ್ಮನ ಕೈಗೆ ಬಿಟ್ಟು ಇನ್ನೊಬ್ಬರ ತಾಯಿಯ ಮೈ ಒರೆಸಲು ಹೊರಟಳು. ಇಂಜೆಕ್ಷನ್ನಿಗೆ ಬೇಕಾದ ಹಣ ಆ ಸಂಬಳದಲ್ಲಿ ಅರ್ಧ ಮಾತ್ರ ಸಿಗುತ್ತಿತ್ತು, ಪರಿಹಾರದ ಹಣದಲ್ಲಿ ಕೆಲವು ತಿಂಗಳು ಎಳೆಯಬಹುದು. ಅದರಾಚೆಗೆ ಏನು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಮುಂದಿನದನ್ನು ಹೇಳುವ ಕೆಲಸದಲ್ಲಿದ್ದವನಂತೂ ಬಾಯಿಯೇ ಬಿಡಲಿಲ್ಲ.

ಕಾರ್ಡು ಸತ್ತ ಮೇಲಿನ ಮೊದಲ ಗುರುವಾರ ಇಬ್ಬರು ಮಕ್ಕಳೂ ತಾಯಿಯ ಜೊತೆ ಹೋದರು. ನೋರಿಯೆಲ್ ಎರಡು ವಾರ ಮುಂಚೆಯೇ ಅರ್ಜಿ ಕೊಟ್ಟು, ಆಸ್ಪತ್ರೆಯ ಕಾಗದ ಲಗತ್ತಿಸಿ, ಮೂರು ಸಹಿ ಹಾಕಿಸಿ ರಜೆ ಪಡೆದಿದ್ದ. ಫೀನಾ ಅಲ್ಲಿಂದಲೇ ತಾಲಿಸಾಯ್ ಬಸ್ಸು ಹಿಡಿಯುವವಳು, ಅವಳ ಚೀಲ ಕುರ್ಚಿಯ ಕೆಳಗಿತ್ತು. ಆ ದಿನದ ಇಂಜೆಕ್ಷನ್ ಬೇಡವೆಂದು ನಾನಾಯ್ ತಾನೇ ನರ್ಸಿಗೆ ಹೇಳಿಬಿಟ್ಟಿದ್ದಳು. ಮುಂದಿನ ವಾರ ನೋಡೋಣ, ಈ ವಾರ ಚೆನ್ನಾಗಿದ್ದೀನಿ ಎಂದು. ತುಟಿ ಬೆಳ್ಳಗಿತ್ತು.

ಸೂಜಿ ತೆಗೆದ ಮೇಲೆ ನೋರಿಯೆಲ್ ತಾಯಿಯ ತೋಳಿಗೆ ಹತ್ತಿ ಒತ್ತಿಹಿಡಿದು ಕೂತ. ಫೀನಾ ಹೊದಿಕೆ ಮಡಿಸುತ್ತಿದ್ದಳು.

"ತೊತೊ," ಎಂದಳು ನಾನಾಯ್ ಮಗನಿಗೆ. "ಪಕ್ಕದ ಕುರ್ಚಿಯವಳ ಅಳಿಯನಿಗೂ ನಿಮ್ಮಲ್ಲೇ ಕೆಲಸ ಹೋಯ್ತಂತೆ. ಯಾರೋ ಒಬ್ಬ ಹುಡುಗ ಕೂತು, ಇವರೆಲ್ಲ ಹೋಗೋರು ಅಂತ ಲೆಕ್ಕ ಹಾಕಿ ಕೊಟ್ಟನಂತೆ. ನಿನ್ನ ಕೋಣೆಯವನೇ ಇರಬೇಕು. ನಿನಗೆ ಗೊತ್ತಾ ಅವನು?"

ಫೀನಾಳ ಕೈ ನಿಂತಿತು.

"ಗೊತ್ತು," ಎಂದ ನೋರಿಯೆಲ್.

"ಒಳ್ಳೆಯವನಾ?"

"ಗೊತ್ತಿಲ್ಲ ನಾನಾಯ್."

"ಈ ಕುರ್ಚಿಯಲ್ಲಿ ಕೂತು ಬೆಳಗಿಂದ ಅವನಿಗೆ ಶಾಪ ಹುಡುಕ್ತಿದ್ದೆ. ಒಳ್ಳೊಳ್ಳೆ ಶಾಪ ಸಿಕ್ಕಿದ್ದವು." ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಅವನಿಗೆ ತಾಯಿ ಇದ್ದಾಳಾ?"

"ಇದ್ದಾಳೆ."

"ಅದನ್ನೇ ಅಂದುಕೊಂಡೆ. ಅವಳಿಗೆ ಪಾಪ ಏನೂ ಗೊತ್ತಿರಲ್ಲ. ಮಗ ದೊಡ್ಡ ಕೆಲಸದಲ್ಲಿದ್ದಾನೆ ಅಂತ ಹೇಳಿಕೊಂಡು ತಿರುಗ್ತಿರ್ತಾಳೆ. ಒಂದಲ್ಲ ಒಂದು ದಿನ ಗೊತ್ತಾಗತ್ತೆ, ಆಗ ಹೇಗೆ ತಡ್ಕೋತಾಳೋ. ಅವಳಿಗೋಸ್ಕರ ಒಂದು ಪ್ರಾರ್ಥನೆ ಮಾಡೋಣ, ಬನ್ನಿ."

ಅವಳು ಕಣ್ಣು ಮುಚ್ಚಿ ಮಾತೆ ಮರಿಯಳ ಪ್ರಾರ್ಥನೆಯ ಮೊದಲ ಅರ್ಧ ಹೇಳಿದಳು. ಎರಡನೆಯ ಅರ್ಧವನ್ನು ಜೊತೆಗಿದ್ದವರು ಹೇಳಬೇಕು. ನಾನಾಯ್ ಕಣ್ಣು ತೆರೆಯದೆಯೇ ಮಗನ ಮೊಣಕೈಯನ್ನು ತಿವಿದಳು.

"ಹೇಳು ತೊ," ಎಂದಳು ಫೀನಾ. ಅವಳ ದನಿ ಗಟ್ಟಿಯಾಗಿತ್ತು.

ನೋರಿಯೆಲ್ ಶುರುಮಾಡಿದ. ಪಾಪಿಗಳಿಗಾಗಿ ಬೇಡಿಕೊಳ್ಳುವ ಮಾತಿಗೆ ಬಂದು ನಿಲ್ಲಿಸಿಬಿಟ್ಟ. ಉಳಿದದ್ದನ್ನು ನಾನಾಯ್ ತಾನೇ ಹೇಳಿ ಮುಗಿಸಿ, ಹತ್ತಿ ಒತ್ತಿದ್ದ ಅವನ ಕೈಯ ಮೇಲೆ ತನ್ನ ಇನ್ನೊಂದು ಕೈ ಇಟ್ಟಳು.

"ಹುಡುಗ ನಿದ್ದೆಗೆಟ್ಟಿದ್ದಾನೆ," ಎಂದಳು ಮಗಳಿಗೆ. "ಕೆಲಸ ಜಾಸ್ತಿ ಅವನಿಗೆ."